ಮದುವೆ ಆದ್ರೆ ಎಲ್ಲಾ ಸರಿಹೋಗುತ್ತಾ? ಪೋರ್ನ್, ಪಾಪ, ದೇಹ: ಒಬ್ಬ ಕ್ರೈಸ್ತ ಯುವಕನ ಪ್ರಶ್ನೆಗೆ ಉತ್ತರ

ಪ್ರಶ್ನೆ: ಬ್ರದರ್, ನನಗೆ 28 ವರ್ಷ. ಕ್ರೈಸ್ತ ಮನೇಲೇ ಹುಟ್ಟಿ ಬೆಳೆದವನು, ಚರ್ಚಲ್ಲಿ ಕ್ವಾಯರ್ ನಡೆಸ್ತೀನಿ. ಹೈಸ್ಕೂಲಿಂದ ಪೋರ್ನ್ ನೋಡೋ ಅಭ್ಯಾಸ ಅಂಟ್ಕೊಂಡಿದೆ. ಪ್ರಾರ್ಥನೆ ಮಾಡ್ತೀನಿ, ಉಪವಾಸ ಮಾಡ್ತೀನಿ, ಕೆಲವು ವಾರ ಚೆನ್ನಾಗಿರ್ತೀನಿ, ಮತ್ತೆ ಬೀಳ್ತೀನಿ. ಈಗ ಮದುವೆ ನಿಶ್ಚಯ ಆಗಿದೆ. ಸಭೆಯ ಹಿರಿಯರೊಬ್ಬರ ಹತ್ರ ಮೆತ್ತಗೆ ಹೇಳ್ಕೊಂಡೆ, "ಮದುವೆ ಆದ್ರೆ ಎಲ್ಲಾ ಸರಿಹೋಗುತ್ತೆ" ಅಂದ್ರು. ಇದು ಪಾಪಾನಾ, ಅಡಿಕ್ಷನ್ನಾ? ಆಸೆ ಬರೋದೇ ತಪ್ಪಾ? ಹುಡುಗಿಗೆ ಹೇಳ್ಬೇಕಾ? ಕ್ವಾಯರ್ ಬಿಟ್ಬಿಡ್ಲಾ?

ಉತ್ತರ: ಮೊದಲು ಆ ಹಿರಿಯರ ಮಾತನ್ನೇ ತಗೊಳ್ಳೋಣ ಬ್ರದರ್, ನೀವು ಕೇಳಿರೋದ್ರಲ್ಲಿ ಅರ್ಜೆಂಟ್ ಇರೋದು ಅದೇ. ಮದುವೆಯಿಂದ ಇದು ಸರಿಹೋಗಲ್ಲ. ಅವರು ಕೆಟ್ಟ ಮನಸ್ಸಿಂದ ಹೇಳಿಲ್ಲ, ಕಾಮತಾಪ ಪಡೋದಕ್ಕಿಂತ ಮದುವೆ ಮಾಡ್ಕೊಳ್ಳೋದು ಮೇಲು ಅಂತ 1 ಕೊರಿಂಥ 7:9ರಲ್ಲಿ ಪೌಲ ಹೇಳಿದಾನಲ್ಲ, ಬಹುಶಃ ಅದೇ ಅವರ ತಲೇಲಿ ಇತ್ತು. ಆದ್ರೆ ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲಕ್ಕೆ ಹೋಗಿ 4ನೇ ವಚನ ಓದಿ. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಅಂತ ಹೇಳಿ ಅಲ್ಲಿಗೇ ನಿಲ್ಲಿಸಲ್ಲ ಪೌಲ, ಗಂಡನ ದೇಹದ ಮೇಲೂ ಹೆಂಡತಿಗೆ ಅಧಿಕಾರ ಇದೆ ಅಂತಾನೆ. ಮೊದಲ ಅರ್ಧ ಆ ಕಾಲದ ಯಾವ ಗಂಡಸಿಗೂ ಹೊಸ ವಿಷಯ ಅಲ್ಲ, ಎರಡನೇ ಅರ್ಧ ಕೇಳಿ ಎಷ್ಟೋ ಜನ ಕಣ್ಣು ಬಿಟ್ಟಿರ್ತಾರೆ. ಅಂದ್ರೆ ಪೌಲ ಹೇಳ್ತಿರೋ ಮದುವೆಯಲ್ಲಿ ಒಬ್ಬಳು ಮನುಷ್ಯಳು ಇದಾಳೆ, ಅವಳಿಗೂ ಬೇಕು ಬೇಡ ಅನ್ನೋದಿದೆ, ಅವಳ ಮಾತಿಗೂ ಅಷ್ಟೇ ತೂಕ ಇದೆ. ನಿಮ್ಮ ಅಭ್ಯಾಸಕ್ಕೆ ಅವಳನ್ನ ಮಾತ್ರೆ ತರ ಬರೆದುಕೊಡೋಕೆ ಯಾವ ಹಿರಿಯರಿಗೂ ಹಕ್ಕಿಲ್ಲ.

ಪೋಪ್ ಎರಡನೇ ಜಾನ್ ಪಾಲ್ 1979ರಿಂದ 1984ರವರೆಗೆ ಬುಧವಾರದ ಸಭೆಗಳಲ್ಲಿ ದೇಹದ ಬಗ್ಗೆನೇ ಒಂದು ದೊಡ್ಡ ಉಪದೇಶಮಾಲೆ ಕೊಟ್ರು. ಅದ್ರಲ್ಲಿ 1980ರ ಅಕ್ಟೋಬರಲ್ಲಿ ಒಂದು ಮಾತು ಹೇಳಿದ್ರು, ಗಂಡಸು ತನ್ನ ಸ್ವಂತ ಹೆಂಡತಿಯನ್ನೇ ಬರೀ ಆಸೆ ತೀರಿಸ್ಕೊಳ್ಳೋ ವಸ್ತು ತರ ನೋಡಿದ್ರೆ ಅವಳ ವಿಷಯದಲ್ಲೂ ಹೃದಯದಲ್ಲಿ ವ್ಯಭಿಚಾರ ಮಾಡಬಹುದು ಅಂತ. ಆವಾಗ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ ಆಯ್ತು, ಹೆಂಡತಿ ಜೊತೆ ವ್ಯಭಿಚಾರ ಹೆಂಗಪ್ಪಾ ಅಂತ. ನಾನು ಕಥೋಲಿಕ ಅಲ್ಲ, ಆದ್ರೂ ಈ ವಿಷಯದಲ್ಲಿ ಇಷ್ಟು ನೇರವಾಗಿ ಹೇಳಿದವರು ಕಡಿಮೆ ಅನ್ಸುತ್ತೆ. ತಾಳಿಯೋ ಉಂಗುರವೋ ಹಾಕಿದ ತಕ್ಷಣ ನೋಟ ಬದಲಾಗಲ್ಲ.

ಇನ್ನು ಕೌನ್ಸೆಲಿಂಗಲ್ಲಿ ಕಾಣೋದು ಏನಂದ್ರೆ, ಮದುವೆ ಆದ ಹೊಸತರಲ್ಲಿ ಅಭ್ಯಾಸ ತಾನಾಗೇ ಕಮ್ಮಿ ಆಗುತ್ತೆ, ಎಲ್ಲರೂ ಹಲ್ಲೆಲೂಯ ಅಂತಾರೆ. ಆಮೇಲೆ ಕೆಲಸದ ಟೆನ್ಶನ್, ಬಸಿರು ಬಾಣಂತನ, ಒಂದು ಜಗಳ, ಏನೋ ಒಂದು ಬರುತ್ತೆ, ಮತ್ತೆ ಫೋನ್ ಕೈಗೆ ಬರುತ್ತೆ, ಈ ಸಲ ಮುಚ್ಚಿಡೋಕೆ ಪಕ್ಕದಲ್ಲೇ ಒಬ್ಬರು ಮಲಗಿರ್ತಾರೆ ಅಷ್ಟೇ ವ್ಯತ್ಯಾಸ. ಯಾಕಂದ್ರೆ ಹೆಚ್ಚಿನವರಿಗೆ ಪೋರ್ನ್ ಅಂಟಿರೋದು ಸೆಕ್ಸ್ ಸಿಗ್ತಿಲ್ಲ ಅಂತ ಅಲ್ಲ. ಬೇಜಾರು, ಒಂಟಿತನ, ಅವಮಾನ, ಸುಸ್ತು, ಇವನ್ನ ಹತ್ತು ನಿಮಿಷ ಮರೆಯೋಕೆ ಸಿಕ್ಕಿರೋ ದಾರಿ ಅದು, ಹೈಸ್ಕೂಲಲ್ಲಿ ಸಿಕ್ತು, ಬೇರೆ ದಾರಿ ಯಾರೂ ಕಲಿಸ್ಲಿಲ್ಲ.

ಆಸೆ ಬರೋದೇ ತಪ್ಪಾ ಅಂತ ಕೇಳಿದೀರ. ಅಲ್ಲ. ಆದಿಕಾಂಡ ಮೊದಲನೇ ಅಧ್ಯಾಯದಲ್ಲಿ ದೇವರು ಗಂಡು ಹೆಣ್ಣಾಗಿ ಮನುಷ್ಯರನ್ನ ಸೃಷ್ಟಿ ಮಾಡಿ, ಎಲ್ಲವನ್ನೂ ನೋಡಿ ಬಹಳ ಒಳ್ಳೇದು ಅಂದ. ಎರಡನೇ ಅಧ್ಯಾಯ ಮುಗಿಯೋದು ಅವರಿಬ್ಬರೂ ಬೆತ್ತಲೆ ಇದ್ರು, ನಾಚಿಕೆ ಇರ್ಲಿಲ್ಲ ಅಂತ, ಪಾಪ ಬರೋದು ಅದಾದ್ಮೇಲೆ ಮೂರನೇ ಅಧ್ಯಾಯದಲ್ಲಿ. ಈ ಕ್ರಮ ಗಮನಿಸಿ. ಗಂಡು ಹೆಣ್ಣಿನ ಪ್ರೇಮದ ಹಾಡುಗಳಿರೋ ಪರಮಗೀತ ಅನ್ನೋ ಇಡೀ ಪುಸ್ತಕ ಬೈಬಲ್ ಮಧ್ಯದಲ್ಲಿ ಕೂತಿದೆ, ನಮ್ಮ ಸಭೆಗಳಲ್ಲಿ ಅದನ್ನ ಓದೋಕೆ ನಾವೇ ಮುಜುಗರ ಪಡ್ತೀವಿ, ಬೈಬಲಿಗೆ ಆ ಮುಜುಗರ ಇಲ್ಲ. ಪೋಪ್ ಫ್ರಾನ್ಸಿಸ್ 2024ರ ಜನವರಿಯಲ್ಲಿ ಕಾಮದ ಬಗ್ಗೆ ಉಪದೇಶ ಮಾಡುವಾಗಲೂ ಲೈಂಗಿಕ ಸುಖ ದೇವರ ವರ, ಅದನ್ನ ಪೋರ್ನ್ ಹಾಳು ಮಾಡ್ತಿದೆ ಅಂತಲೇ ಹೇಳಿದ್ದು.

ಹಾಗಂತ ಸಭೆಯ ಇತಿಹಾಸ ಪೂರ್ತಿ ಹೀಗೇ ಇತ್ತು ಅಂತ ನಾನು ಹೇಳಲ್ಲ. ನಾಲ್ಕನೇ ಶತಮಾನದ ಬೈಬಲ್ ಪಂಡಿತ ಸಂತ ಜೆರೋಮ್ ತರದವರು ಮದುವೆಯನ್ನ ಒಪ್ಕೊಂಡಿದ್ದೇ ಅರೆಮನಸ್ಸಿಂದ. ಅದೇ ಕಾಲದ ಬಿಷಪ್ ಅಗಸ್ಟೀನ್ ಮದುವೆ ಒಳ್ಳೇದು ಅಂತ ವಾದ ಮಾಡಿದ್ರೂ ಕಾಮದಾಸೆಯಲ್ಲಿ ಆದಾಮನ ಪತನದ ಗಾಯ ಇದೆ ಅಂತ ಬಲವಾಗಿ ನಂಬಿದ್ದ, ಆ ನೆರಳು ಪಶ್ಚಿಮದ ಸಭೆಗಳ ಮೇಲೆ ಇವತ್ತಿಗೂ ಇದೆ. ಆದ್ರೆ ಅತಿಗೆ ಹೋದಾಗ ಸಭೆನೇ ಬ್ರೇಕ್ ಹಾಕಿದೆ. ಕ್ರಿ.ಶ. 325ರಲ್ಲಿ ಬಿಷಪರೆಲ್ಲ ಸೇರಿದ ನಿಕಾಯ ಮಹಾಸಭೆಯ ಮೊಟ್ಟಮೊದಲ ನಿಯಮ ಏನು ಗೊತ್ತಾ? ಆರೋಗ್ಯವಾಗಿದ್ದೂ ತನ್ನನ್ನ ತಾನೇ ಬೀಜ ಒಡೆಸ್ಕೊಂಡವನು ಸಭೆಯ ಸೇವೆಯಲ್ಲಿ ಇರ್ಬಾರ್ದು ಅಂತ. ಕಣ್ಣು ಕಿತ್ತು ಬಿಸಾಕು ಅನ್ನೋ ತರದ ಯೇಸುವಿನ ಮಾತನ್ನ ಅಕ್ಷರಶಃ ತಗೊಳ್ಳೋರು ಆ ಕಾಲಕ್ಕೇ ಇದ್ರು ಅಂತಾಯ್ತು. ನಾಲ್ಕನೇ ಶತಮಾನದಲ್ಲೇ ಈಗಿನ ಟರ್ಕಿಯ ಗಂಗ್ರದಲ್ಲಿ ಸೇರಿದ ಬಿಷಪರ ಸಭೆ, ಮದುವೆಯನ್ನ ಹೀನಾಯವಾಗಿ ನೋಡೋರನ್ನ ಖಂಡಿಸ್ತು. ಸೋ, ನಿಮ್ಮ ದೇಹವನ್ನ ದ್ವೇಷಿಸಿ ಪವಿತ್ರ ಆಗ್ತೀನಿ ಅಂತ ಹೊರಟಿದ್ರೆ ಅದು ಕ್ರೈಸ್ತ ದಾರಿ ಅಲ್ಲ, ವಿಶ್ವಾಸಪ್ರಮಾಣದಲ್ಲಿ "ದೇಹದ ಪುನರುತ್ಥಾನ" ಅಂತ ನಾವು ಪ್ರತಿ ಸಲ ಹೇಳ್ತೀವಲ್ಲ, ಅದಕ್ಕೇ ವಿರುದ್ಧ.

ಹಾಗಾದ್ರೆ ತಪ್ಪು ಎಲ್ಲಿ ಶುರು ಆಗುತ್ತೆ? ಮತ್ತಾಯ 5:28 ನಿಮಗೆ ಬಾಯಿಪಾಠ ಇರುತ್ತೆ, ಒಬ್ಬ ಹೆಂಗಸನ್ನ ಮೋಹಿಸಿ ನೋಡೋನು ಆಗಲೇ ಹೃದಯದಲ್ಲಿ ಅವಳ ಜೊತೆ ವ್ಯಭಿಚಾರ ಮಾಡಿದ ಹಾಗೆ ಅಂತ. ಅಲ್ಲಿ ಯೇಸು ಹೇಳ್ತಿರೋದು ಕಣ್ಣಿಗೆ ಒಬ್ಬರು ಬಿದ್ದಿದ್ದು, ಚೆನ್ನಾಗಿದಾರೆ ಅನ್ಸಿದ್ದು, ಮೈಯಲ್ಲಿ ಏನೋ ಆಗಿದ್ದು, ಇದ್ಯಾವುದರ ಬಗ್ಗೆನೂ ಅಲ್ಲ. ಮೋಹಿಸ್ಬೇಕು ಅಂತಲೇ ನೋಡೋ ನೋಟದ ಬಗ್ಗೆ. ಶೋಧನೆ ಬರೋದು ಬೇರೆ, ಅದಕ್ಕೆ ಕುರ್ಚಿ ಹಾಕಿ ಕೂರಿಸೋದು ಬೇರೆ. ಇನ್ನೊಂದು, ಅಲ್ಲಿ ಆ ಹೆಂಗಸು ಏನು ಬಟ್ಟೆ ಹಾಕಿದ್ಲು ಅಂತ ಯೇಸು ಕೇಳೇ ಇಲ್ಲ. ಯೂತ್ ಮೀಟಿಂಗಲ್ಲಿ ಹುಡುಗೀರಿಗೆ ಬಟ್ಟೆ ಬಗ್ಗೆ ಒಂದು ಗಂಟೆ ಪಾಠ ಮಾಡಿ ಹುಡುಗರಿಗೆ ಐದು ನಿಮಿಷ ಪ್ರಾರ್ಥನೆ ಮಾಡಿ ಕಳಿಸೋ ನಮ್ಮವರು ಈ ವಚನ ಯಾವ ಬೈಬಲಲ್ಲಿ ಓದ್ತಾರೋ ನನಗಂತೂ ಗೊತ್ತಾಗಲ್ಲ.

ಪೋರ್ನ್ ಬಗ್ಗೆ ಬೈಬಲಲ್ಲಿ ಏನಿದೆ ಅಂತ ಯಾರಾದ್ರೂ ಕೇಳಿದ್ರೆ ನಾನು ತೋರಿಸೋದು 2 ಸಮುವೇಲ 11. ನಿಧಾನಕ್ಕೆ ಓದಿ. ರಾಜರು ಯುದ್ಧಕ್ಕೆ ಹೋಗೋ ಕಾಲ, ಆದ್ರೆ ದಾವೀದ ಯೆರೂಸಲೇಮಲ್ಲೇ ಉಳ್ಕೊಂಡ. ಸಾಯಂಕಾಲ ಹಾಸಿಗೆಯಿಂದ ಎದ್ದ, ಅಂದ್ರೆ ಹಗಲೆಲ್ಲಾ ಬಿದ್ಕೊಂಡಿದ್ದ, ಮಾಳಿಗೆ ಮೇಲೆ ಸುಮ್ನೆ ತಿರುಗಾಡ್ತಿದ್ದ. ಕೆಲಸ ಇಲ್ಲ, ಯಾರೂ ಜೊತೆಗಿಲ್ಲ, ಎತ್ತರದಲ್ಲಿದಾನೆ, ಅವನಿಗೆ ಎಲ್ಲಾ ಕಾಣುತ್ತೆ, ಅವನು ಯಾರಿಗೂ ಕಾಣಲ್ಲ. ಕೆಳಗೆ ಒಬ್ಬಳು ಸ್ನಾನ ಮಾಡ್ತಿರೋದು ಕಾಣ್ತು. ಇಲ್ಲೀವರೆಗೂ ಆಕಸ್ಮಿಕ ಅನ್ನಿ. ಆಮೇಲೆ ಯಾರು ಅಂತ ವಿಚಾರಿಸೋಕೆ ಆಳು ಕಳಿಸ್ತಾನೆ. ಬಂದ ಉತ್ತರ ನೋಡಿ: ಅವಳು ಎಲೀಯಾಮನ ಮಗಳು, ಊರೀಯನ ಹೆಂಡತಿ, ಬತ್ಷೆಬೆ ಅಲ್ವಾ? ಅವಳಿಗೊಂದು ಹೆಸರಿದೆ, ಅಪ್ಪ ಇದಾನೆ, ಗಂಡ ಇದಾನೆ, ಆ ಗಂಡ ದಾವೀದನಿಗೋಸ್ಕರನೇ ಯುದ್ಧದಲ್ಲಿದಾನೆ. ಇಷ್ಟೂ ಕೇಳಿದ ಮೇಲೂ ದಾವೀದನ ಕಣ್ಣಿಗೆ ಅವಳು ಸ್ನಾನ ಮಾಡ್ತಿದ್ದ ಒಂದು ದೇಹವಾಗೇ ಉಳೀತು, ಕರೆಸ್ಕೊಂಡ.

ಪೋರ್ನ್‌ನಲ್ಲಿ ಆ ಆಳು ತಂದ ಉತ್ತರವನ್ನ ಮೊದಲೇ ಅಳಿಸಿಟ್ಟಿರ್ತಾರೆ. ಸ್ಕ್ರೀನಲ್ಲಿರೋಳು ಯಾರ ಮಗಳು, ಇವತ್ತು ಬೆಳಿಗ್ಗೆ ಏನು ತಿಂದ್ಲು, ಒಪ್ಪಿ ಬಂದಳಾ, ಸಾಲ ಇದೆ ಅಂತ ಬಂದಳಾ, ಯಾರಾದ್ರೂ ಎಳ್ಕೊಂಡು ಬಂದ್ರಾ, ನೋಡೋನಿಗೆ ಏನೂ ಗೊತ್ತಾಗಬಾರ್ದು, ಗೊತ್ತಾದ್ರೆ ಮಜಾ ಕೆಡುತ್ತೆ. ಇದು ಬರೀ ಒಣ ಉಪದೇಶ ಅಲ್ಲ. 2020ರ ಡಿಸೆಂಬರಲ್ಲಿ, ಅಪ್ರಾಪ್ತ ವಯಸ್ಸಿನವರ ಮತ್ತು ಬಲವಂತದ ವಿಡಿಯೋಗಳು ಇವೆ ಅಂತ ನ್ಯೂಯಾರ್ಕ್ ಟೈಮ್ಸಲ್ಲಿ ಲೇಖನ ಬಂದು, ವೀಸಾ ಮಾಸ್ಟರ್‌ಕಾರ್ಡ್ ಎರಡೂ ಕೈ ಬಿಟ್ಟ ಮೇಲೆ ಪೋರ್ನ್‌ಹಬ್ ಯಾರು ಹಾಕಿದ್ದು ಅಂತ ಖಾತ್ರಿ ಇಲ್ಲದ ಲಕ್ಷಾಂತರ ವಿಡಿಯೋಗಳನ್ನ ತೆಗೆದುಹಾಕ್ತು. ಆ ಸೈಟಲ್ಲಿದ್ದ ಹೆಚ್ಚಿನ ಪಾಲು ವಿಡಿಯೋಗಳು ಅವೇ. ಅಲ್ಲೀವರೆಗೆ ಅವನ್ನ ನೋಡಿದವರಿಗೆ ಯಾವುದು ಯಾವ ತರದ್ದು ಅಂತ ತಿಳಿಯೋ ದಾರಿನೇ ಇರ್ಲಿಲ್ಲ.

ಕಥೋಲಿಕ ಸಭೆಯ ಧರ್ಮೋಪದೇಶ ಗ್ರಂಥ, 1992ರದ್ದು, 2354ನೇ ಪರಿಚ್ಛೇದದಲ್ಲಿ ಇದನ್ನೇ ಹೇಳುತ್ತೆ. ಇಬ್ಬರ ಅಂತರಂಗದಲ್ಲಿ ಇರ್ಬೇಕಾದ್ದನ್ನ ಅಲ್ಲಿಂದ ಕಿತ್ತು ಮೂರನೆಯವರಿಗೆ ತೋರಿಸೋದು ಪೋರ್ನ್, ಅದ್ರಿಂದ ನಟಿಸೋರು, ಮಾರೋರು, ನೋಡೋರು ಮೂವರ ಘನತೆಗೂ ಪೆಟ್ಟು ಬೀಳುತ್ತೆ ಅಂತ. ನೋಡೋನೂ ಆ ಪಟ್ಟಿಯಲ್ಲಿದಾನೆ ನೋಡಿ. "ಇಬ್ಬರೂ ವಯಸ್ಕರು, ಒಪ್ಪಿದಾರೆ, ದುಡ್ಡು ತಗೊಂಡಿದಾರೆ, ಇನ್ನೇನು ಪ್ರಾಬ್ಲಂ" ಅಂತ ಕೇಳೋರಿಗೆ ಕ್ರೈಸ್ತ ಉತ್ತರ ಬೇರೆ ಇದೆ, ಎಲ್ಲರೂ ಒಪ್ಪಲೇಬೇಕು ಅಂತಿಲ್ಲ. ನಮ್ಮ ನಂಬಿಕೆ ಪ್ರಕಾರ ದೇಹ ಅಂದ್ರೆ ನಾನೇ, ನಾನು ಬಾಡಿಗೆಗೆ ಕೊಡೋ ಮನೆ ಅಲ್ಲ, ಆದ್ದರಿಂದ ಒಪ್ಪಿಗೆ ಬೇಕೇಬೇಕು ನಿಜ, ಅದೊಂದೇ ಸಾಕಾಗಲ್ಲ.

ಹಸ್ತಮೈಥುನದ ಬಗ್ಗೆ ನೀವು ಕೇಳಿಲ್ಲ, ಆದ್ರೆ ಈ ಪ್ರಶ್ನೆ ಕೇಳೋ ಎಲ್ಲರ ಮನಸ್ಸಲ್ಲೂ ಅದು ಇರುತ್ತೆ ಅದಕ್ಕೆ ಬೇಗ ಹೇಳಿ ಮುಗಿಸ್ತೀನಿ. ಬೈಬಲ್ ಅದರ ಬಗ್ಗೆ ನೇರವಾಗಿ ಏನೂ ಹೇಳಲ್ಲ. ಆದಿಕಾಂಡ 38ರ ಓನಾನನ ಕಥೆ ತೀರಿಹೋದ ಅಣ್ಣನ ವಂಶ ಬೆಳೆಸೋ ಕರ್ತವ್ಯದಿಂದ ತಪ್ಪಿಸ್ಕೊಂಡಿದ್ದರ ಬಗ್ಗೆ, ಇದಕ್ಕೆ ಸಂಬಂಧ ಇಲ್ಲ. ಕಥೋಲಿಕ ಸಭೆ ಅದನ್ನ ಗಂಭೀರ ತಪ್ಪು ಅನ್ನುತ್ತೆ, ಹಾಗೆ ಹೇಳೋ ಜಾಗದಲ್ಲೇ ಅಭ್ಯಾಸದ ಬಲ, ಮನಸ್ಸಿನ ಅಪಕ್ವತೆ, ಆತಂಕ ಇವು ಆ ವ್ಯಕ್ತಿಯ ಹೊಣೆಯನ್ನ ಕಡಿಮೆ ಮಾಡಬಹುದು ಅಂತಲೂ ಹೇಳುತ್ತೆ. ಪ್ರೊಟೆಸ್ಟಂಟರಲ್ಲಿ ಒಮ್ಮತ ಇಲ್ಲ. ನಿಮ್ಮ ವಿಷಯದಲ್ಲಿ ಅದು ಪೋರ್ನ್ ಜೊತೆ ಕಟ್ಕೊಂಡು ಬಂದಿದೆ, ಬೇರೆ ಮಾಡಿ ಚರ್ಚೆ ಮಾಡೋದ್ರಿಂದ ಈಗ ಉಪಯೋಗ ಇಲ್ಲ.

ಇನ್ನು ಪಾಪಾನಾ ಅಡಿಕ್ಷನ್ನಾ ಅನ್ನೋದು. ಎರಡು ಬೇರೆ ಬೇರೆ ಪ್ರಶ್ನೆ, ಒಂದಕ್ಕೆ ಹೌದು ಅಂದ ಮಾತ್ರಕ್ಕೆ ಇನ್ನೊಂದಕ್ಕೆ ಉತ್ತರ ಸಿಗಲ್ಲ. ಕ್ರೈಸ್ತ ನಂಬಿಕೆಯಲ್ಲಿ ಇದು ಪಾಪ, ಅದನ್ನ ನಾನು ಮೃದು ಮಾಡಲ್ಲ. ಕಾಯಿಲೆನಾ ಅನ್ನೋದು ಮಾತ್ರ ಪರೀಕ್ಷೆ ಮಾಡಿ ಹೇಳ್ಬೇಕಾದ್ದು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5ರಲ್ಲಿ ಪೋರ್ನ್ ಅಡಿಕ್ಷನ್ ಅಂತ ಒಂದು ಕಾಯಿಲೆನೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11, 2022ರಿಂದ ಜಾರಿಗೆ ಬಂದಿದ್ದು, ಅದ್ರಲ್ಲಿ ಹಿಡಿತ ತಪ್ಪಿದ ಲೈಂಗಿಕ ನಡವಳಿಕೆ ಅಂತ ಒಂದು ತೊಂದರೆ ಸೇರಿಸಿದಾರೆ, ಅದನ್ನೂ ಅಡಿಕ್ಷನ್ ಪಟ್ಟಿಗೆ ಹಾಕದೆ ಆವೇಗ ನಿಯಂತ್ರಣದ ತೊಂದರೆಗಳ ಜೊತೆ ಇಟ್ಟಿದಾರೆ. ಆರು ತಿಂಗಳೋ ಇನ್ನೂ ಹೆಚ್ಚೋ ಕಾಲ, ಆರೋಗ್ಯ ಕೆಲಸ ಸಂಬಂಧ ಎಲ್ಲಾ ಬದಿಗಿಟ್ಟು, ಅಥವಾ ನಿಲ್ಲಿಸೋಕೆ ಎಷ್ಟು ಸಲ ಪ್ರಯತ್ನ ಪಟ್ರೂ ಆಗದೆ, ಅಥವಾ ಅದ್ರಿಂದ ಸುಖ ಸಿಗದಿದ್ರೂ ಮುಂದುವರಿತಾ ಇದ್ರೆ ಡಾಕ್ಟರ್ ಆ ದಿಕ್ಕಲ್ಲಿ ಯೋಚನೆ ಮಾಡ್ತಾರೆ. ಜೊತೆಗೆ ಒಂದು ಮುಖ್ಯವಾದ ಷರತ್ತು ಹಾಕಿದಾರೆ, ಇದು ತಪ್ಪು ಅನ್ನೋ ನೈತಿಕ ನಂಬಿಕೆಯಿಂದ ಮಾತ್ರ ಸಂಕಟ ಆಗ್ತಿದ್ರೆ ಅಷ್ಟಕ್ಕೇ ಕಾಯಿಲೆ ಅನ್ನೋ ಹಾಗಿಲ್ಲ ಅಂತ.

ಈ ಷರತ್ತು ನಮ್ಮಂಥೋರಿಗೇ ಹೇಳಿ ಮಾಡಿಸಿದ ಹಾಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಶುವಾ ಗ್ರಬ್ಸ್ ಮತ್ತವರ ಜೊತೆಗಾರರ ಅಧ್ಯಯನಗಳಲ್ಲಿ ಕಂಡಿದ್ದು ಏನಂದ್ರೆ, ಪೋರ್ನ್ ತಪ್ಪು ಅಂತ ನಂಬಿರೋ ಧಾರ್ಮಿಕ ಜನ ಕಮ್ಮಿ ನೋಡಿದ್ರೂ ನಾನು ಅಡಿಕ್ಟ್ ಅಂತ ಅಂದ್ಕೊಳ್ಳೋದು ಜಾಸ್ತಿ. ನಂಬಿಕೆ ಬಿಟ್ರೆ ಸಂಕಟ ಹೋಗುತ್ತೆ ಅಂತ ಕೆಲವರು ಇದಕ್ಕೆ ಅರ್ಥ ಮಾಡ್ತಾರೆ, ನಾನು ಹಾಗೆ ಓದಲ್ಲ. ತಿಂಗಳಿಗೆ ಎರಡು ಸಲ ನೋಡಿ ಅಳೋನಿಗೂ, ಕೆಲಸಕ್ಕೆ ರಜೆ ಹಾಕಿ ದಿನಗಟ್ಟಲೆ ನೋಡೋನಿಗೂ ಒಂದೇ ಮದ್ದು ಕೊಡೋಕಾಗಲ್ಲ, ಅಷ್ಟೇ. ನೀವು "ಕೆಲವು ವಾರ ಚೆನ್ನಾಗಿರ್ತೀನಿ" ಅಂದಿದೀರ, ಅದ್ರಿಂದ ನನಗೆ ಅನ್ಸೋದು ನಿಮ್ಮದು ಬಲವಾದ ಅಭ್ಯಾಸ ಜೊತೆಗೆ ಇನ್ನೂ ಬಲವಾದ ನಾಚಿಕೆ. ಆದ್ರೂ ಒಬ್ಬ ಒಳ್ಳೆ ಸೈಕಾಲಜಿಸ್ಟನ್ನ ಒಂದ್ಸಲ ನೋಡಿ, ಡಿಪ್ರೆಶನ್ ಏನಾದ್ರೂ ಕೆಳಗೆ ಕೂತಿದ್ರೆ ಅವರಿಗೆ ಕಾಣುತ್ತೆ. ದೆವ್ವ ಬಿಡಿಸೋ ಪ್ರಾರ್ಥನೆಗೆ ಎಳ್ಕೊಂಡು ಹೋಗೋರ ಹಿಂದೆ ಮಾತ್ರ ಹೋಗ್ಬೇಡಿ. ನೋಡ್ತಿರೋದ್ರಲ್ಲಿ ಮಕ್ಕಳಿರೋ ದೃಶ್ಯಗಳಿದ್ರೆ ವಿಷಯನೇ ಬೇರೆ, ಅದು ಅಪರಾಧ, ಅಲ್ಲಿ ಒಂದು ದಿನನೂ ಕಾಯದೆ ನಿಲ್ಲಿಸಿ ತಜ್ಞರ ಹತ್ರ ಹೋಗ್ಬೇಕು.

ನಾಚಿಕೆ ಹೆಂಗೆ ಕೆಲಸ ಮಾಡುತ್ತೆ ಅಂತ ಹೇಳ್ತೀನಿ, ನಿಮ್ಮದೇ ರಾತ್ರಿ ಇದು ಅನ್ಸಿದ್ರೆ ಆಶ್ಚರ್ಯ ಪಡ್ಬೇಡಿ. ಹನ್ನೊಂದೂವರೆ ಆಗಿದೆ, ಆಫೀಸಲ್ಲಿ ಯಾರೋ ಏನೋ ಅಂದಿದಾರೆ, ನಿದ್ದೆ ಬರ್ತಿಲ್ಲ, ಸುಮ್ನೆ ರೀಲ್ಸ್ ತಳ್ತಾ ಇದೀರ. ಒಂದು ವಿಡಿಯೋ ಬರುತ್ತೆ, ಅದು ಪೋರ್ನ್ ಅಲ್ಲ, ಅದರ ಪಕ್ಕದ ಮನೆಯದು. ಇನ್ಕಾಗ್ನಿಟೋ ತೆಗೀತೀರ. ಮುಗಿದ ಮೇಲೆ ಫೋನ್ ಮಕಾಡೆ ಹಾಕಿ, ಗೋಡೆ ಕಡೆ ತಿರುಗಿ, "ಸ್ವಾಮಿ ಇದೇ ಕೊನೆ" ಅಂತೀರ. ಬೆಳಿಗ್ಗೆ ಬೈಬಲ್ ಮುಟ್ಟೋಕೆ ಧೈರ್ಯ ಇಲ್ಲ. ಫ್ರೆಂಡ್ ಕಾಲ್ ಎತ್ತಲ್ಲ. ಕ್ವಾಯರ್ ಪ್ರಾಕ್ಟೀಸಲ್ಲಿ ಎಲ್ಲರಿಗಿಂತ ಜೋರಾಗಿ ಹಾಡ್ತೀರ. ಅಂದ್ರೆ ಬಿದ್ದ ಮೇಲೆ ಯಾರ ಹತ್ರ ಹೋಗ್ಬೇಕಿತ್ತೋ ಅವರೆಲ್ಲರಿಂದ ದೂರ ಆದ್ರಿ, ಒಂಟಿ ಆದ್ರಿ, ಒಂಟಿತನಕ್ಕೆ ನಿಮಗೆ ಗೊತ್ತಿರೋ ಮದ್ದು ಒಂದೇ. ಆದಾಮ ಮರದ ಹಿಂದೆ ಬಚ್ಚಿಟ್ಕೊಂಡಿದ್ದೂ ಹಿಂಗೇ.

ಅದಕ್ಕೇ ಯಾಕೋಬ 5:16 ನಿಮ್ಮ ಪಾಪಗಳನ್ನ ಒಬ್ಬರಿಗೊಬ್ಬರು ಅರಿಕೆ ಮಾಡಿ ಅನ್ನೋದು. ಕಥೋಲಿಕರಿಗೆ, ಆರ್ಥಡಾಕ್ಸ್‌ನವರಿಗೆ ಪಾಪನಿವೇದನೆ ಅಂತ ಒಂದು ಬಾಗಿಲು ಮೊದಲಿಂದ ಇದೆ, ನಾವು ಪ್ರೊಟೆಸ್ಟಂಟರು ನೇರವಾಗಿ ದೇವರಿಗೇ ಹೇಳ್ತೀವಿ ಅಂತ ಹೇಳಿ ಯಾರಿಗೂ ಹೇಳದೆ ಉಳ್ಕೊಂಡಿದೀವಿ. ನಂಬಿಕಸ್ಥನಾದ ಒಬ್ಬ ಗಂಡಸನ್ನ ಹುಡುಕಿ, ಕೇಳಿ ಗಾಬರಿ ಆಗದವನು, ಕೇಳಿ ನಗೋನೂ ಅಲ್ಲ. ಬಿದ್ದ ದಿನನೇ ಅವನಿಗೆ ಒಂದು ಮೆಸೇಜ್ ಹಾಕಿ, ಭಾನುವಾರದವರೆಗೆ ಕಾಯ್ಬೇಡಿ. ಫೋನ್ ರಾತ್ರಿ ಮಲಗೋ ಕೋಣೆಗೆ ಬರ್ಬಾರ್ದು, ಅಲಾರಂಗೆ ಒಂದು ಗಡಿಯಾರ ತಗೊಳ್ಳಿ. ಫಿಲ್ಟರ್ ಆ್ಯಪ್ ಹಾಕಿ, ಪಾಸ್‌ವರ್ಡ್ ಅವನ ಹತ್ರ ಇರ್ಲಿ, ಆದ್ರೆ ಅದನ್ನೇ ನಂಬ್ಕೊಂಡು ಕೂರ್ಬೇಡಿ, ತಪ್ಪಿಸ್ಕೊಳ್ಳೋ ದಾರಿ ನಿಮಗೆ ಅದಕ್ಕಿಂತ ಚೆನ್ನಾಗಿ ಗೊತ್ತು. ಎಷ್ಟು ದಿನ ಆಯ್ತು ಅಂತ ಎಣಿಸೋದಕ್ಕಿಂತ ಬೀಳೋ ಮುಂಚೆ ಏನಾಗಿತ್ತು ಅಂತ ಬರೆದಿಡಿ. ಬೇಗ ಆಗ್ಬೇಕು ಅಂತಲೂ ಅಂದ್ಕೊಳ್ಬೇಡಿ, ಆರ್ಥಡಾಕ್ಸ್ ತರದ ಪೂರ್ವದ ಸಭೆಗಳು ಪ್ರತಿ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ನೆನೆಯೋ ಈಜಿಪ್ಟಿನ ಸಂತ ಮರಿಯಳ ಚರಿತ್ರೆಯಲ್ಲಿ ಮರುಭೂಮಿಗೆ ಹೋದ ಮೇಲೂ 17 ವರ್ಷ ಹಳೇ ಆಸೆಗಳ ಜೊತೆ ಗುದ್ದಾಡಿದಳು ಅಂತಿದೆ. ಸಂತಳು ಅಂತ ಕರೆದಿದ್ದು ಅವಳನ್ನೇ. ಇದು ಗಂಡಸರ ಖಾಯಿಲೆ ಮಾತ್ರ ಅಂತಲೂ ಅಲ್ಲ, 2022ರಲ್ಲಿ ಪಾದ್ರಿ ಆಗೋಕೆ ಕಲೀತಿರೋ ಗುರುಅಭ್ಯರ್ಥಿಗಳ ಜೊತೆ ಮಾತಾಡ್ತಾ ಪೋಪ್ ಫ್ರಾನ್ಸಿಸ್ ಗುರುಗಳು ಸಿಸ್ಟರ್‌ಗಳು ಕೂಡ ಇದ್ರಲ್ಲಿ ಸಿಕ್ಕಿದಾರೆ ಅಂತ ಬಾಯಿಬಿಟ್ಟು ಹೇಳಿದ್ರು. ನಮ್ಮ ಸಭೆಗಳಲ್ಲಿ ಹೆಂಗಸರಿಗೆ ಇದನ್ನ ಹೇಳ್ಕೊಳ್ಳೋಕೆ ಜಾಗನೇ ಇಲ್ಲ.

ಹುಡುಗಿಗೆ ಹೇಳ್ಬೇಕಾ? ಹೇಳ್ಬೇಕು, ಮದುವೆಗೆ ಮುಂಚೆ, ಸಾಕಷ್ಟು ಮುಂಚೆ. ಇನ್ವಿಟೇಶನ್ ಹಂಚಿದ ಮೇಲೆ ಹೇಳಿದ್ರೆ ಅದು ಹೇಳಿದ ಹಾಗಲ್ಲ, ಕಟ್ಟಿ ಹಾಕಿದ ಹಾಗೆ. ಮೊದಲು ನಿಮ್ಮ ಪಾಸ್ಟರ್ ಹತ್ರನೋ ಕೌನ್ಸೆಲರ್ ಹತ್ರನೋ ಮಾತಾಡಿ ಆಮೇಲೆ ಇಬ್ಬರೇ ಕೂತು ಹೇಳಿ: ಎಷ್ಟು ಕಾಲದಿಂದ ಇದೆ, ಕೊನೇ ಸಲ ಯಾವಾಗ, ಈಗ ಏನು ಮಾಡ್ತಿದೀನಿ, ಯಾರಿಗೆ ಗೊತ್ತಿದೆ. ಏನೇನು ನೋಡಿದೆ ಅನ್ನೋ ವಿವರ ಬೇಡ, ಆ ಚಿತ್ರಗಳು ನಿಮ್ಮ ತಲೆಯಿಂದ ಅವರ ತಲೆಗೆ ಹೋಗುತ್ತೆ ಅಷ್ಟೇ. "ನೀನು ಬಂದ್ರೆ ನಾನು ಸರಿಹೋಗ್ತೀನಿ" ಅನ್ನೋ ಮಾತು ಬಾಯಿಂದ ಬರ್ಬಾರ್ದು. ಅಲ್ಲೇ ಕ್ಷಮಿಸು ಅಂತ ಒತ್ತಾಯನೂ ಬೇಡ, ಅವರು ಅಳಬಹುದು, ಎದ್ದು ಹೋಗಬಹುದು, ನಾನು ಸಾಲದಾ ಅಂತ ಕೇಳಬಹುದು. ಆ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿರ್ಲಿ, ಇದು ಅವರನ್ನ ನೋಡೋಕಿಂತ ಎಷ್ಟೋ ವರ್ಷ ಮುಂಚೆ ಶುರುವಾದದ್ದು, ಅವರ ರೂಪಕ್ಕೂ ಇದಕ್ಕೂ ಸಂಬಂಧ ಇಲ್ಲ. ಮದುವೆ ಆದ್ಮೇಲೂ ಅವರನ್ನ ನಿಮ್ಮ ಪೊಲೀಸ್ ಮಾಡ್ಬೇಡಿ, ಫೋನ್ ಚೆಕ್ ಮಾಡೋ ಕೆಲಸ ನಿಮ್ಮ ಆ ಸ್ನೇಹಿತನದ್ದು. ಕ್ಯಾಮೆರಾ ಮುಂದೆ ನಟನೆ ಮಾಡಿದ್ದನ್ನ ನೋಡಿ ಕಲಿತದ್ದೆಲ್ಲಾ ಮಲಗೋ ಕೋಣೆಗೆ ತರ್ಬೇಡಿ, ಅಲ್ಲಿ ಕೇಳ್ಕೊಂಡು, ತಡವರಿಸ್ಕೊಂಡು, ನಗ್ತಾ ಕಲಿಯೋದಿರುತ್ತೆ.

ಕ್ವಾಯರ್ ವಿಷಯ. ಸುಮ್ನೆ ಗಂಟಲು ನೋವು ಅಂತ ನೆಪ ಹೇಳಿ ಬಿಡ್ಬೇಡಿ, ಅದು ಇನ್ನೊಂದು ಬಚ್ಚಿಟ್ಕೊಳ್ಳೋದು. ಪಾಸ್ಟರ್‌ಗೆ ಇದ್ದದ್ದನ್ನ ಇದ್ದ ಹಾಗೆ ಹೇಳಿ, ಸ್ವಲ್ಪ ದಿನ ನಡೆಸೋ ಜವಾಬ್ದಾರಿ ಬೇರೆಯವರಿಗೆ ಕೊಡೋಣ ಅಂದ್ರೆ ಹಿಂದಿನ ಸಾಲಲ್ಲಿ ನಿಂತು ಹಾಡಿ, ಮುಂದುವರಿಸು ಅಂದ್ರೆ ಮುಂದುವರಿಸಿ. ಮದುವೆ ದಿನಾಂಕ ಮುಂದಕ್ಕೆ ಹಾಕೋಣ ಅಂತ ಹುಡುಗಿ ಕೇಳಿದ್ರೆ ಮನೆಯವರಿಗೆ ಕಾರಣ ಏನು ಹೇಳ್ಬೇಕು ಅನ್ನೋದನ್ನ ಅವರನ್ನೇ ಕೇಳಿ ತೀರ್ಮಾನ ಮಾಡಿ, ದಿನಾಂಕ ಮಾತ್ರ ಅವರು ಹೇಳಿದ ಹಾಗೇ ಹಾಕಿ.